ಖಾನಾಪುರ ಗಾಡಿಯ ಕಾಕಾ

ಕಾಕಾ ಅವರ ಬಲಗೈ ಎಡಗೈಗಿಂತ ಬಹಳ ಕಪ್ಪಗಿತ್ತು. ಎಷ್ಟೋ ವರ್ಷ ಬಸ್ಸಿನ ಕಿಟಕಿಯ ಮೇಲೆ ಮೊಣಕೈ ಊರಿ, ಬಿಸಿಲು ಗಾಳಿ ತಿಂದ ಕೈ ಅದು. ಖಾಕಿ ಅಂಗಿಯ ತೋಳಿನ ಮರೆಯಲ್ಲಿದ್ದಷ್ಟು ಭಾಗ ಒಂದು ಬಣ್ಣ, ಅಲ್ಲಿಂದ ಬೆರಳ ತುದಿಯವರೆಗೆ ಇನ್ನೊಂದು ಬಣ್ಣ. ರಜೆಯ ದಿನ ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಕುಳಿತರೆ, ಬೇರೆ ಯಾರದೋ ಕೈಯನ್ನು ತಂದು ಅವರ ಮೈಗೆ ಹಚ್ಚಿದ ಹಾಗೆ ಕಾಣುತ್ತಿತ್ತು. ನಾವು ನಕ್ಕರೆ ಅವರೂ ನಗುತ್ತಿದ್ದರು. “ಇದು ಗಾಡಿ ಕೈ, ಇದು ಮನಿ ಕೈ. ಗಾಡಿ ಕೈಗೆ ಪಗಾರ ಐತಿ, ಮನಿ ಕೈಗೆ ಇಲ್ಲ” ಎನ್ನುತ್ತಿದ್ದರು.

ಅವರು ನಮಗೆ ಸಂಬಂಧಿಕರಲ್ಲ. ಅನಗೋಳದಲ್ಲಿ ನಮ್ಮ ಮನೆಯ ಎದುರು ಮನೆ ಅವರದು. ಬೆಳಗಾವಿ–ಖಾನಾಪುರ ಬಸ್ಸಿನ ಡ್ರೈವರ್. ಓಣಿಯ ಸಣ್ಣವರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಒಬ್ಬಳೇ ಮಗಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದರು. ಮನೆಯಲ್ಲಿ ಇಬ್ಬರೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನನಗೆ ಖಾನಾಪುರದ ಹೆಣ್ಣುಮಕ್ಕಳ ಸಾಲೆಯಲ್ಲಿ ನೌಕರಿ ಸಿಕ್ಕಿತು. ನಮ್ಮ ಅಪ್ಪ ರವಿವಾರ ಪೇಟೆಯ ಕಾಳಿನ ಅಂಗಡಿಯೊಂದರಲ್ಲಿ ಗುಮಾಸ್ತ. ಕೆಟ್ಟವನಲ್ಲ, ಮಂದಿಯ ಬಾಯಿಗೆ ಹೆದರುವವನು. “ನಾಳೆ ಮದಿವಿ ಆಗೂ ಹುಡುಗಿ. ದಿನಾ ಒಂದೂರಿಂದ ಇನ್ನೊಂದೂರಿಗೆ ಬಸ್ಸಿನ್ಯಾಗ ಓಡ್ಯಾಡಿದ್ರ ಹೆಂಗ?” ಎಂದು ಆ ನೌಕರಿಯ ಮಾತನ್ನೇ ಮುಚ್ಚಿಬಿಟ್ಟ. ನಾನು ಎರಡು ದಿನ ಉಣ್ಣಲಿಲ್ಲ. ಅವ್ವ ಎದುರು ಮನೆಗೆ ಹೋಗಿ ಕಾಕೂನ ಮುಂದೆ ಅತ್ತಳಂತೆ. ಆ ಸಂಜೆ ಕಾಕಾ ಡ್ಯೂಟಿಯ ಬಟ್ಟೆಯಲ್ಲೇ ನಮ್ಮ ಪಡಸಾಲೆಗೆ ಬಂದು ಕುಳಿತರು.

“ಅಣ್ಣಾ, ಹುಡುಗಿ ಸಾಲಿ ಕಲಸಾಕ ಹೊಂಟಾಳ. ತಿರಗಾಕ ಹೊಂಟಿಲ್ಲ” ಎಂದರು. “ನನ್ನ ಗಾಡ್ಯಾಗ ಹೋಗ್ತಾಳ, ನನ್ನ ಗಾಡ್ಯಾಗ ಬರ್ತಾಳ. ನನ್ನ ಬೆನ್ನ ಹಿಂದಿನ ಸೀಟಿನ್ಯಾಗ ಕುಂದರ್ತಾಳ. ನಡುವ ಏನರ ಆತಂದ್ರ ನನ್ನ ಕೊಳ್ಳಪಟ್ಟಿ ಹಿಡದು ಕೇಳು.”

ಅಪ್ಪ ಎಲೆ ಅಡಿಕೆಯ ತಟ್ಟೆಯನ್ನು ಅವರ ಮುಂದೆ ಸರಿಸಿದ. ಕಡೆಗೆ “ನೀ ಅಂದಿ ಅಂತ” ಎಂದ. ಅಷ್ಟೇ. ನಿವೃತ್ತಿಯ ತನಕ ನಾನು ಮಾಡಿದ ನೌಕರಿ, ನನ್ನ ಕೈಯಲ್ಲಿ ಕಲಿತು ಹೋದ ಹುಡುಗಿಯರು, ಇವತ್ತು ಯಾರ ಮುಂದೂ ಕೈ ಚಾಚದೆ ಬದುಕಿರುವ ನನ್ನ ಈ ಬದುಕು, ಎಲ್ಲದಕ್ಕೂ ಆ ಸಂಜೆಯ ಆ ನಾಲ್ಕು ಮಾತೇ ಬುನಾದಿ.

ಬೆಳಿಗ್ಗೆ ಖಾನಾಪುರ ರಸ್ತೆಯ ಮೂಲೆಗೆ ಹೋಗಿ ನಿಂತರೆ ಕಾಕಾ ಗಾಡಿ ಬರುತ್ತಿತ್ತು. ಅವರ ಬೆನ್ನ ಹಿಂದಿನ ಸೀಟಿನಲ್ಲಿ ಯಾರಾದರೂ ಗಂಡುಹುಡುಗರು ಕುಳಿತಿದ್ದರೆ, ತಿರುಗಿ ಸಹ ನೋಡದೆ, “ಏಳ್ರಪಾ, ಬಾಯಾರು ಬಂದ್ರು” ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದ ಹುಡುಗಿಯನ್ನು, ಹಿರಿಯ ಶಿಕ್ಷಕಿಯರನ್ನು ಕರೆಯುವ ಹಾಗೆ ‘ಬಾಯಾರ’ ಎಂದು ಕರೆಯುವುದನ್ನು ಇಡೀ ಬಸ್ಸಿಗೆ ಕಲಿಸಿದವರು ಅವರು. ಗಾಡಿಯ ಕಂಡಕ್ಟರ್ ಖಾನಾಪುರದ ಕಡೆಯ ಮರಾಠಿ ಮಾತಿನ ಸಣಕಲು ಮನುಷ್ಯ. ಎಲ್ಲರೂ ಅವರನ್ನು ‘ಭಾವು’ ಅನ್ನುತ್ತಿದ್ದರು. ಕಾಕಾ ಕನ್ನಡದಲ್ಲಿ ಕೇಳಿದರೆ ಅವರು ಮರಾಠಿಯಲ್ಲಿ ಹೇಳುವರು, ಅವರು ಮರಾಠಿಯಲ್ಲಿ ಬೈದರೆ ಇವರು ಕನ್ನಡದಲ್ಲಿ ತಿರುಗಿ ಬೈಯುವರು. ಹತ್ತಾರು ವರ್ಷ ಹೀಗೆಯೇ ಸಂಸಾರ ಮಾಡಿದ ಜೋಡಿ.

ಕಾಕಾ ಕುರಿ ಕಾಯುವವರ ಮನೆತನದಿಂದ ಬಂದವರು. ಅವರ ಅಪ್ಪ ಇದೇ ರಸ್ತೆಯ ಮೇಲೆ ಕುರಿ ಹಿಂಡು ಹೊಡೆದುಕೊಂಡು ಖಾನಾಪುರದ ಆಚೆಯ ಕಾಡಂಚಿಗೆ ಹೋಗುತ್ತಿದ್ದರಂತೆ. ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ತಂದೆ ಮಗ ಇಬ್ಬರೂ ಕುರಿಗಳನ್ನು ಹಳ್ಳಕ್ಕೆ ಇಳಿಸಿ ಉಸಿರು ಹಿಡಿದು ನಿಲ್ಲಬೇಕಿತ್ತು. ಆ ಮನೆತನದಲ್ಲಿ ಸರಕಾರಿ ಪಗಾರ ಕಂಡ ಮೊದಲನೆಯ ಮನುಷ್ಯ ಇವರೇ. ಅದಕ್ಕೇ ಇರಬೇಕು, ಸ್ಟೇರಿಂಗ್ ಹಿಡಿದು ಕುಳಿತಾಗ ಅವರ ಬೆನ್ನು ನೆಟ್ಟಗೆ ಆಗುತ್ತಿತ್ತು. “ಇಷ್ಟ ವರ್ಷಾತು. ಒಂದ ಕೋಳಿ ಸುದ್ದಾ ನನ್ನ ಗಾಲಿ ಕೆಳಗ ಬಂದಿಲ್ಲ” ಎಂಬುದು ಅವರ ಮಾತು. ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಅದು ನಿಜವೂ ಆಗಿತ್ತು.

ಬದಲಾವಣೆ ಯಾವಾಗ ಶುರುವಾಯಿತೋ ಹೇಳಲಾರೆ. ಮೊದಮೊದಲು ಸಣ್ಣ ಸಣ್ಣವು. ಖಾನಾಪುರದ ಸ್ಟ್ಯಾಂಡಿನಲ್ಲಿ ಚಹಾದ ಹುಡುಗ ಪಕ್ಕದಲ್ಲಿ ಗ್ಲಾಸು ಇಟ್ಟು ಹೋದರೆ ಕಾಕಾ ಮೊಣಕೈ ತಾಗಿಸಿ ಚೆಲ್ಲಿಬಿಡುವರು. “ಎಲ್ಲಿ ಇಡಬೇಕು ಅನ್ನೂದು ತಿಳಿಯೂದಿಲ್ಲ ಇವಕ್ಕ” ಎಂದು ಹುಡುಗನಿಗೆ ಬೈಯುವರು. ಮಚ್ಛೆಯಲ್ಲಿ ಅವರ ಹಳೆಯ ಗೆಳೆಯರೊಬ್ಬರು ದಿನಾ ಅಂಗಡಿ ಮುಂದೆ ನಿಂತು ಕೈ ಎತ್ತುತ್ತಿದ್ದರು, ಕಾಕಾ ಹಾರ್ನ್ ಹೊಡೆದು ಉತ್ತರ ಕೊಡುತ್ತಿದ್ದರು. ಆ ಹಾರ್ನ್ ನಿಂತಿತು. ಗೆಳೆಯರು ಕೆಲವು ದಿನ ಕೈ ಎತ್ತಿ ನೋಡಿ, “ಸೊಕ್ಕು ಬಂದೈತಿ ಅವಂಗ” ಎಂದು ಮುಖ ತಿರುವಿದರು. ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತಿತ್ತು. ನೀರಿನ ತಂಬಿಗೆ ಕಾಲಿಗೆ ತಾಗಿ ಉರುಳುತ್ತಿತ್ತು.

“ನಿನ್ನಿ ಇಲ್ಲಿದ್ದಿಲ್ಲ ಇದು. ಯಾರು ಇಟ್ಟಾರ ಇಲ್ಲಿ?” ಎಂದು ಕಾಕಾ ಗದರುವುದು ನಮ್ಮ ಮನೆಗೆ ಕೇಳುತ್ತಿತ್ತು.

“ನಾನಽ ಇಟ್ಟಿದ್ನಿರಿ. ತಪ್ಪಾತು” ಎನ್ನುತ್ತಿದ್ದರು ಕಾಕು.

ಅವರು ಇಟ್ಟಿರಲಿಲ್ಲ. ತಂಬಿಗೆ ಇಪ್ಪತ್ತು ವರ್ಷದಿಂದ ಅಲ್ಲೇ ಇರುತ್ತಿತ್ತು. ಒಂದು ದಿನ ನಾನೇ ಎದುರಿಗಿದ್ದೆ. ಕಾಕು ನನ್ನ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದರು, ಸುಮ್ಮನಿರು ಎಂಬಂತೆ. ಬಗ್ಗಿ ನೀರು ಒರೆಸಿದರು.

ಆಮೇಲೆ ಚಕ್ಕಡಿಯ ಪ್ರಸಂಗ ನಡೆಯಿತು. ಪೀರನವಾಡಿ ದಾಟಿದ ಮೇಲೆ, ಎಡಗಡೆ ಹೊರಟಿದ್ದ ಹುಲ್ಲಿನ ಚಕ್ಕಡಿಗೆ ನಮ್ಮ ಬಸ್ಸು ಉಜ್ಜಿತು. ಚಕ್ಕಡಿ ವಾಲಿ ನಿಂತಿತು, ಎತ್ತಿಗೆ ಏನೂ ಆಗಲಿಲ್ಲ, ಹುಲ್ಲು ಅರ್ಧ ರಸ್ತೆಯ ಮೇಲೆ ಚೆಲ್ಲಿತು. ಅವತ್ತು ಕಾಕಾ ಇಳಿದು ಆ ರೈತನ ಕೈ ಹಿಡಿದುಕೊಂಡು, “ತಪ್ಪಾತೋ ಯಪ್ಪಾ, ಬ್ರೇಕ್ ಹಿಡೀಲಿಲ್ಲ” ಎಂದರು. ಹುಲ್ಲು ಎತ್ತಿ ಹಾಕಲು ತಾವೂ ಕೈಹಚ್ಚಿದರು. ಎರಡು ದಿನದ ಮೇಲೆ ಡಿಪೋದ ಮೆಕ್ಯಾನಿಕ್ ಬ್ರೇಕು ಚೆನ್ನಾಗಿಯೇ ಇದೆ ಎಂದ. ಆಗ ಕಾಕಾ ಅವರ ಮಾತಿನಲ್ಲಿ ಚಕ್ಕಡಿಯವನು ಒಮ್ಮೆಗೇ ರಸ್ತೆಯೊಳಗೆ ಹೊಡೆದ ಅಂತಾಯಿತು. ವಾರ ಕಳೆಯುವಷ್ಟರಲ್ಲಿ ಚಕ್ಕಡಿಯವನು ಕುಡಿದಿದ್ದ. ತಿಂಗಳ ಕೊನೆಗೆ ನಮ್ಮ ಕಟ್ಟೆಯ ಮೇಲೆ ಕುಳಿತು ಕಾಕಾ ಅಪ್ಪನ ಮುಂದೆ ಹೇಳುತ್ತಿದ್ದರು: “ನಾ ಇದ್ದೆ ಅಂತ ಉಳದ ಅವ. ಬ್ಯಾರೆ ಯಾವನರ ಇದ್ದಿದ್ರ ಎತ್ತು ಸೈತ ಮನಿಷ್ಯಾ ಹೋಗ್ತಿದ್ದ.”

ನಾನು ಅವರ ಮುಖ ನೋಡುತ್ತಿದ್ದೆ. ಸುಳ್ಳು ಹೇಳುವವನ ಕಣ್ಣು ಎಲ್ಲೋ ಒಂದು ಕಡೆ ಜಾರುತ್ತದೆ. ಅವರ ಕಣ್ಣು ಜಾರಲಿಲ್ಲ. ಆ ರೈತ ಕುಡಿದು ತೂರಾಡುವುದನ್ನು ಅವರು ಖರೇ ಖರೇ ನೋಡಿದ್ದರು, ತಮ್ಮ ಮನಸ್ಸಿನಲ್ಲಿ. ರೈತನ ಕೈ ಹಿಡಿದು ತಪ್ಪಾಯಿತು ಅಂದದ್ದು ಮಾತ್ರ ಅಲ್ಲಿಂದ ಅಳಿಸಿಹೋಗಿತ್ತು.

ಒಮ್ಮೆ ಧೈರ್ಯ ಮಾಡಿ, “ಕಾಕಾ, ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಸ್ರಿ” ಎಂದೆ. ಬಸ್ಸು ಖಾನಾಪುರದ ಹತ್ತಿರ ಬಂದಿತ್ತು. ಅವರು ನಕ್ಕುಬಿಟ್ಟರು. ದೂರದಲ್ಲಿ, ನನಗೆ ಬರೀ ಬಿಳಿಯ ಚುಕ್ಕೆಯಾಗಿ ಕಾಣುತ್ತಿದ್ದ ಫಲಕವನ್ನು ಇಲ್ಲಿಂದಲೇ ಅಕ್ಷರ ಅಕ್ಷರ ಓದಿ ಹೇಳಿದರು. ಹತ್ತಿರ ಹೋದಾಗ ನೋಡಿದರೆ ಒಂದಕ್ಷರವೂ ತಪ್ಪಿರಲಿಲ್ಲ.

“ಈಗ ಹೇಳ್ರಿ ಬಾಯಾರ, ಡಾಕ್ಟರಿಗೆ ಯಾರು ತೋರಸ್ಬೇಕು? ನೀವೋ ನಾನೋ?” ಬಸ್ಸೆಲ್ಲ ನಕ್ಕಿತು. ವರ್ಷಾ ವರ್ಷಾ ಇಲಾಖೆಯ ತಪಾಸಣೆಯಲ್ಲೂ ಅವರು ಕೆಳಗಿನ ಸಾಲಿನ ಸಣ್ಣಕ್ಷರದ ತನಕ ಓದಿ ಪಾಸಾಗುತ್ತಿದ್ದರು. ಎದುರಿಗಿದ್ದದ್ದು ಅವರಿಗೆ ನಿಚ್ಚಳವಾಗಿ ಕಾಣುತ್ತಿತ್ತು. ಅದನ್ನೇ ಹಿಡಿದುಕೊಂಡು ಅವರು ಕುಳಿತಿದ್ದರು. ಭಾವು ಮಾತ್ರ ಈಚೆಗೆ ಟಿಕೆಟ್ಟು ಹರಿಯುವುದನ್ನು ಬಿಟ್ಟು ಆಗಾಗ ಮುಂದಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. “ಕಾಕಾ, ಬಾಜೂಲಾ ಸೈಕಲ್ ಆಹೇ.” “ಕಾಕಾ, ಬಾಜೂಲಾ ಮ್ಹೈಸ್.” ಪಕ್ಕದಲ್ಲಿ ಸೈಕಲ್ಲಿದೆ, ಪಕ್ಕದಲ್ಲಿ ಎಮ್ಮೆ ಇದೆ ಎಂದು ದಾರಿಯುದ್ದಕ್ಕೂ ಹೇಳುವರು. “ನನಗ ಕಾಣೂದಿಲ್ಲೇನೋ?” ಎಂದು ಕಾಕಾ ರೇಗುವರು. ಆದರೂ ಗಾಡಿಯನ್ನು ತುಸು ಬಲಕ್ಕೆ ಎಳೆದುಕೊಳ್ಳುವರು.

ಎಂಬತ್ತರ ದಶಕದ ಆರಂಭದ ಒಂದು ಮಳೆಗಾಲ. ಸಾಲೆ ಬಿಟ್ಟು ನಾನು ಎಂದಿನ ಸೀಟಿನಲ್ಲಿ ಕುಳಿತಿದ್ದೆ. ಹಗಲೇ, ಆದರೆ ಮೋಡ ಕವಿದು, ಜಿಟಿಜಿಟಿ ಹನಿ. ಕಾಕು ಹಿಂದಿನ ದಿನ ಗಣೇಬೈಲಿನ ತಮ್ಮ ತಂಗಿಯ ಮನೆಗೆ, ಕೂಸಿಗೆ ಹೆಸರಿಡುವ ಕಾರ್ಯಕ್ಕೆ ಹೋಗಿದ್ದರು. ಗಂಡನ ಗಾಡಿ ಬರುತ್ತದೆಂದು ಊರ ಮುಂದಿನ ಸ್ಟಾಪಿಗೆ ಬಂದು ನಿಂತಿದ್ದರಂತೆ. ಭಾವು ಹಿಂದುಗಡೆ ಒಬ್ಬ ಮುದುಕಿಗೆ ಚಿಲ್ಲರೆ ಕೊಡುತ್ತಿದ್ದರು.

ನನಗೆ ಕಂಡದ್ದು ಇಷ್ಟು. ಎಡಗಡೆ ಮರದ ಕೆಳಗೆ ಕೆಂಪು ಛತ್ರಿಯೊಂದು ಎದ್ದಿತು, ಒಂದು ಕೈ ಎದ್ದಿತು. ಕಾಕಾ ನೆಟ್ಟನೆ ಎದುರಿಗೆ ನೋಡುತ್ತಿದ್ದರು. ಗಾಡಿ ನಿಧಾನ ಮಾಡಲಿಲ್ಲ. ಎಡಗಾಲಿ ಡಾಂಬರು ಬಿಟ್ಟು ಕೆಸರಿಗೆ ಇಳಿದದ್ದು ಕೂತಲ್ಲೇ ನನಗೆ ತಿಳಿಯಿತು. “ಕಾಕಾ!” ಎಂದು ನಾನು ಕೂಗಿದೆ. ಹಿಂದಿನಿಂದ ಭಾವು “ಥಾಂಬಾ! ಥಾಂಬಾ!” ಎಂದು, ಗಾಡಿ ನಿಲ್ಲಿಸಲು ಕಿರುಚಿದರು. ಛತ್ರಿ ಗಾಳಿಗೆ ಹಾರಿತು. ಬಸ್ಸಿನ ಮೈಗೆ ಏನೋ ಬಡಿದ ಸದ್ದಾಯಿತು.

ಗಾಡಿ ನಿಂತ ಮೇಲೆ ಎಲ್ಲರಿಗಿಂತ ಮೊದಲು ಇಳಿದವರು ಕಾಕಾ. ಹೆಂಗಸೊಬ್ಬಳು ರಸ್ತೆಯ ಪಕ್ಕದ ತಗ್ಗಿನಲ್ಲಿ ಬೋರಲಾಗಿ ಬಿದ್ದಿದ್ದಳು. ತುಸು ದೂರ ಚೀಲ ಹಾಕಿಕೊಂಡ ಇಬ್ಬರು ಸಣ್ಣ ಹುಡುಗಿಯರು ಕೆಸರಿನಲ್ಲಿ ಕುಳಿತು ಅಳುತ್ತಿದ್ದರು. ಕಾಕಾ ಅವರ ಬಾಯಿಂದ ಬಂದದ್ದು ಬೈಗುಳ.

“ಯಾರವಾ ನೀ? ಕಣ್ಣ ಕಾಣಸೂದಿಲ್ಲೇನು? ನಡುರಸ್ತಾಕ ಬಂದು ನಿಂತೀಯಲ್ಲ! ಸಾಯಾಕ ನನ್ನ ಗಾಡಿನಽ ಬೇಕಿತ್ತೇನು?”

ಆ ಹೆಂಗಸು ಒಂದು ಕೈ ಊರಿ ಮುಖ ಎತ್ತಿದಳು. ಮುಖದ ತುಂಬ ಕೆಸರು.

“ನಾನಽ ರೀ” ಎಂದಳು.

ಕಾಕಾ ಅಲ್ಲೇ ಕುಸಿದು ಕುಳಿತರು. ಮಳೆ ಬೀಳುತ್ತಲೇ ಇತ್ತು. ಬಸ್ಸಿನಿಂದ ಇಳಿದ ಮಂದಿ ಅಳುತ್ತಿದ್ದ ಹುಡುಗಿಯರನ್ನು ಎತ್ತಿಕೊಂಡರು. ನಾನೂ ಭಾವೂ ಸೇರಿ ಕಾಕೂನನ್ನು ಎಬ್ಬಿಸಿದೆವು. ಎಡಗೈ ಮೊಣಕೈ ಹತ್ತಿರ ಆಗಬಾರದ ರೀತಿಯಲ್ಲಿ ತಿರುಗಿತ್ತು. ಕಾಕಾ ಎದ್ದರು, ಹೆಂಡತಿಯನ್ನು ನನ್ನ ಸೀಟಿನಲ್ಲಿ ಕೂಡಿಸಿದರು, ಹೋಗಿ ತಮ್ಮ ಸೀಟಿನಲ್ಲಿ ಕುಳಿತು ಗಾಡಿ ಚಾಲೂ ಮಾಡಲು ಕೈ ಹಾಕಿದರು.

“ನೀವು ಹೊಡೀಬ್ಯಾಡ್ರಿ” ಎಂದರು ಕಾಕು.

“ದವಾಖಾನಿಗೆ ಹೋಗಬೇಕಲ್ಲ!”

“ಹೋಗೂಣು. ಹಿಂದಿನ ಗಾಡಿ ಬರ್ತೈತಿ. ನೀವು ಹೊಡದ್ರ ನಾ ಇಳೀತೇನಿ.” ನೋವಿಗೆ ಅವರ ತುಟಿ ಬೆಳ್ಳಗಾಗಿತ್ತು. ದನಿ ಮಾತ್ರ ಏರಲಿಲ್ಲ. ಕಾಕಾ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಹಿಂದಿನ ಬಸ್ಸು ಬರುವ ತನಕ ನಾವೆಲ್ಲ ಹಾಗೇ ಕುಳಿತಿದ್ದೆವು.

ಕಾಕೂನ ಕೈಗೆ ಪ್ಲಾಸ್ಟರ್ ಹಾಕಿದರು. ಹುಬ್ಬಳ್ಳಿಯ ಮಗಳು ಬಾಣಂತಿ, ಬರುವಂತಿರಲಿಲ್ಲ. ಸಾಲೆಯಿಂದ ಬಂದ ಮೇಲೆ ನಾನು ಅವರ ಮನೆಗೆ ಹೋಗಿ ರೊಟ್ಟಿ ಬಡಿದು ಕೊಡುತ್ತಿದ್ದೆ. ಮಾತಾಡಿಸಲು ಮಂದಿ ಬರುತ್ತಿದ್ದರು. ಮೊದಲ ಎರಡು ದಿನ ಕಾಕಾ ಹೆಂಡತಿಯ ಹಾಸಿಗೆಯ ಹತ್ತಿರ ಕುಳಿತು ಪ್ಲಾಸ್ಟರಿನ ಮೇಲೆ ಕೈಯಿಟ್ಟುಕೊಂಡಿರುತ್ತಿದ್ದರು. ಮೂರನೆಯ ದಿನ ಯಾರೋ, “ಹೆಂಗಾತ್ರಿ?” ಎಂದು ಕೇಳಿದರು. “ಮಳಿ ಇತ್ತಲ್ರಿ, ರಸ್ತಾ ಕಾಣ್ತಿದ್ದಿಲ್ಲ” ಎಂದರು. ಮರುದಿನ ಅವರ ಮಾತಿನಲ್ಲಿ ಛತ್ರಿ ಗಾಳಿಗೆ ಉಲ್ಟಾ ಆಗಿ ಕಾಕು ಅದರ ಹಿಂದೆ ಓಡಿ ಬಂದಿದ್ದರು. ಇನ್ನೂ ಎರಡು ದಿನಕ್ಕೆ ಗಾಡಿ ನಿಂತೇ ಬಿಟ್ಟಿತ್ತು, ಕಾಕು ಹತ್ತಲು ಹೋಗಿ ಕೆಸರಿನಲ್ಲಿ ಕಾಲು ಜಾರಿ ಬಿದ್ದಿದ್ದರು.

“ಹೌದಿಲ್ಲೋ?” ಎಂದು ಒಳಗೆ ನೋಡಿ ಕೇಳುವರು.

“ಹೌದ್ರೀ, ಕಾಲ ಜಾರಿತು” ಎಂದು ಕಾಕು ಒಳಗಿನಿಂದಲೇ ಹೇಳುವರು.

ನನಗೆ ತಡೆಯಲಾಗಲಿಲ್ಲ. “ಕಾಕು, ನೀವೂ ಹಂಗಽ ಅಂತೀರಲ್ಲ?”

“ಮಾತಾಡ್ಸಾಕ ಬಂದ ಮಂದಿ ಮುಂದ ಗಂಡನ ಮಾನಾ ತಗೀಲೇನವಾ? ಅವರೇನು ಗಾಡ್ಯಾಗ ಹತ್ತವರಲ್ಲ” ಎಂದರು.

ಆಗ ಆ ಮಾತಿನ ಅರ್ಥ ನನಗೆ ಪೂರ್ತಿ ತಿಳಿಯಲಿಲ್ಲ. ತಿಳಿದದ್ದು ಡಿಪೋದ ಸಾಹೇಬರು ವಿಚಾರಣೆಗೆ ಬಂದ ದಿನ.

ಇಬ್ಬರು ಬಂದಿದ್ದರು. ಕಾಕಾ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಅವರಿಗೆ ಕುರ್ಚಿ ಕೊಟ್ಟು, ತಾವು ನಿಂತೇ ಎಲ್ಲ ಹೇಳಿದರು. ಗಾಡಿ ನಿಂತದ್ದು, ಕಾಲು ಜಾರಿದ್ದು. ಆ ಹೊತ್ತಿಗೆ ಅದು ಅವರಿಗೆ ಕಂಠಪಾಠವಾಗಿತ್ತು. ಒಂದು ತೊದಲೂ ಇಲ್ಲ. ಹಿರಿಯ ಸಾಹೇಬರು ತಲೆಯಾಡಿಸಿದರು. ಅವರಿಗೂ ಹಳೆಯ ನೌಕರನ ಮೇಲೆ ಕೆಟ್ಟ ಹೆಸರು ತರುವ ಮನಸ್ಸಿದ್ದಂತೆ ಕಾಣಲಿಲ್ಲ. ಸೋಮವಾರದಿಂದ ಡ್ಯೂಟಿಗೆ ಬರಬಹುದು, ಕಾಕೂನ ಒಂದು ಮಾತು ಕೇಳಿ ಮುಗಿಸಿಬಿಡೋಣ ಎಂದರು.

“ಏನವಾ, ಕಾಲ ಜಾರೇ ಬಿದ್ರೇನು?”

ಕಾಕು ಗೋಡೆಗೆ ಒರಗಿ ಕುಳಿತಿದ್ದರು. ಸೆರಗು ಸರಿಮಾಡಿಕೊಂಡರು. ಅಡಿಗೆಮನೆಯ ಬಾಗಿಲಲ್ಲಿ ನಾನಿದ್ದೆ.

“ಸಾಹೇಬರ, ನಮ್ಮ ಮಾಲಕರು ಖೊಟ್ಟಿ ಮಾತಾಡೂ ಮನಿಷ್ಯಾ ಅಲ್ರಿ. ಅವರಿಗೆ ಹಂಗಽ ಆಗೇತಿ ಅನಸ್ತೈತಿ” ಎಂದರು. ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದರು: “ಆದ್ರ ಆಗಿದ್ದು ಹಂಗ ಅಲ್ರಿ. ನಾ ರಸ್ತಾ ಬಿಟ್ಟು ಬಾಜೂಕ, ಗಿಡದ ಬುಡಕ ನಿಂತಿದ್ದೆ. ಕೆಂಪ ಛತ್ರಿ ಇತ್ತು. ಕೈ ಮಾಡಿದೆ. ಅವರಿಗೆ ನಾ ಕಾಣಲಿಲ್ಲ. ನನ್ನ ಮಗ್ಗಲಕ ಯಾರ್ದೋ ಎರಡು ಸಣ್ಣ ಹುಡುಗ್ಯಾರು ನಿಂತಿದ್ವು. ಗಾಡಿ ಮ್ಯಾಲೆ ಬರೂದ ನೋಡಿ ಅವನ್ನ ದೂಡಿದೆ. ಅವನ್ನ ದೂಡೂದ್ರಾಗ ನಾ ಸರಿಯಾಕ ಆಗಲಿಲ್ಲ.”

ಕಾಕು ಪ್ಲಾಸ್ಟರಿನ ಕೈಯನ್ನು ಮಡಿಲಿಗೆ ಎಳೆದುಕೊಂಡರು.

“ಎರಡು ವರ್ಷಾತ್ರಿ ಸಾಹೇಬರ, ಬಾಜೂಕ ಇದ್ದದ್ದು ಅವರಿಗೆ ಕಾಣೂದಿಲ್ಲ. ಮನ್ಯಾಗ ತಂಬಗಿ ಕಾಣೂದಿಲ್ಲ. ತಂಬಗಿ ಬಿದ್ರ ನಾ ನೀರು ಒರಸ್ತೇನಿ. ಹುಡುಗ್ಯಾರು ಬಿದ್ರ ಏನ ಮಾಡ್ಲಿ?”

ಸಾಹೇಬರು ಹೋದರು. ಕಾಕಾ ಅವರನ್ನು ಬಾಗಿಲ ತನಕ ಕಳಿಸಿ ಬಂದರು. ಆಮೇಲೆ ಖಾಕಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಲು ಹೋದರು. ಗೂಟ ಸಿಗಲಿಲ್ಲ. ಅಂಗಿ ಕೆಳಗೆ ಬಿತ್ತು. ಹೆಂಡತಿಯ ಕಡೆ ತಿರುಗದೆ, “ಹೊಟ್ಟಿ ಮ್ಯಾಲೆ ಕಾಲಿಟ್ಟಿ” ಎಂದರು.

ಇಲಾಖೆಯವರು ಕಣ್ಣಿನ ದೊಡ್ಡ ಡಾಕ್ಟರ ಹತ್ತಿರ ಕಳಿಸಿದರು. ಕಾಕಾ ಹೆಂಡತಿಯ ಜೊತೆ ಹೋಗಲು ಒಪ್ಪಲಿಲ್ಲ. ನಾನು ಹೋದೆ. ಡಾಕ್ಟರು ಬಹಳ ಹೊತ್ತು ನೋಡಿದರು. ಇದು ಕಾಚಬಿಂದು, ನೋಟ ಸುತ್ತಲಿನಿಂದ ಮುಚ್ಚಿಕೊಳ್ಳುತ್ತ ನಡುವಿಗೆ ಬರುವ ರೋಗ, ನಡುವಿನದು ಕೊನೆಯ ತನಕ ಉಳಿಯುವುದರಿಂದ ರೋಗಿಗೆ ಗೊತ್ತೇ ಆಗುವುದಿಲ್ಲ ಎಂದರು. “ಎರಡು ವರ್ಷ ಮೊದಲೇ ಬಂದಿದ್ದರೆ ಸಾಕಷ್ಟು ಉಳಿಸಬಹುದಿತ್ತು. ಈಗ ಇದ್ದಷ್ಟನ್ನು ಹಿಡಿದಿಡಲು ನೋಡೋಣ” ಎಂದು ಹನಿ ಔಷಧ ಬರೆದುಕೊಟ್ಟರು. ಅದನ್ನು ಕೇಳುವಾಗ ಕಾಕಾ ನನ್ನ ಕೈ ಹಿಡಿದುಕೊಂಡಿದ್ದರು. ಹೊರಗೆ ಬಂದು ಆಟೋ ಹತ್ತಿ ಅನಗೋಳಕ್ಕೆ ಬಂದು ಇಳಿದಾಗ ನಮ್ಮ ಅಪ್ಪ ಕೇಳಿದ, ಡಾಕ್ಟರ್ ಏನಂದ್ರು ಎಂದು.

“ಹುಟ್ಟಾನ ಬಂದ ರೋಗಂತ. ಯಾವಾಗ ಬಂದಿದ್ರೂ ಏನೂ ಮಾಡಾಕ ಬರ್ತಿದ್ದಿಲ್ಲಂತ” ಎಂದರು ಕಾಕಾ. ನನ್ನ ಕೈ ಇನ್ನೂ ಅವರ ಕೈಯಲ್ಲೇ ಇತ್ತು.

ಅವರನ್ನು ಡಿಪೋದಲ್ಲಿ ಟೈರುಗಳನ್ನು ಇಡುವ ಕೋಣೆಯ ಬಾಗಿಲಿಗೆ ಕೂಡಿಸಿದರು. ನೌಕರಿ ಉಳಿಯಿತು, ಗಾಡಿ ಹೋಯಿತು. ಬೇರೆ ಬೇರೆ ಡ್ರೈವರುಗಳ ಬೆನ್ನ ಹಿಂದೆ ಕುಳಿತು ನಾನು ಖಾನಾಪುರಕ್ಕೆ ಹೋಗಿ ಬರುತ್ತಿದ್ದೆ. ಆ ಹೊತ್ತಿಗೆ ಅಪ್ಪನಿಗೆ ಅಭ್ಯಾಸವಾಗಿತ್ತು, ಬೇಡ ಎನ್ನಲಿಲ್ಲ. ಕಾಕಾ ಮಾತ್ರ ಮನೆಯಲ್ಲಿ ಹೆಂಡತಿಯ ಜೊತೆ ಮಾತು ಬಿಟ್ಟರು. ಚಹಾ ಬೇಕಾದರೆ ಗೋಡೆಗೆ ಹೇಳುವರು, ನಾನಿದ್ದರೆ ನನಗೆ ಹೇಳುವರು: “ನಿಮ್ಮ ಕಾಕೂಗ ಕೇಳು, ನೀರು ಕಾದಾವೇನಂತ.” ಎರಡು ಮಾರು ದೂರದಲ್ಲಿ ನಿಂತ ಕಾಕು, “ಕಾದಾವಂತ ಹೇಳವಾ” ಎನ್ನುವರು. ಬಂದವರ ಮುಂದೆಲ್ಲ ಅವರದು ಒಂದೇ ಮಾತು: ಕಣ್ಣು ಚೆನ್ನಾಗೇ ಇತ್ತು, ಹೆಂಡತಿಯ ಬಾಯಿ ತಮ್ಮ ಗಾಡಿ ಕಸಿದುಕೊಂಡಿತು.

ಒಂದು ದಿನ ನನಗೆ ಸಿಟ್ಟು ಬಂತು. ಡಾಕ್ಟರು ಹೇಳಿದ್ದನ್ನು ಎದುರಿಗೇ ಹೇಳಿಬಿಡುತ್ತೇನೆ ಎಂದು ಎದ್ದೆ. ಕಾಕು ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದರು. ಪ್ಲಾಸ್ಟರ್ ತೆಗೆದು ಎಷ್ಟೋ ತಿಂಗಳಾಗಿತ್ತು. ಆದರೂ ಆ ಕೈ ಪೂರ್ತಿ ಚಾಚುತ್ತಿರಲಿಲ್ಲ.

“ಅನ್ನಲಿ ಬಿಡವಾ. ನನ್ನ ಮ್ಯಾಲೆ ಸಿಟ್ಟು ಇರೂತನಾ ಅವರ ಜೀವ ಗಟ್ಟಿ ಇರ್ತೈತಿ. ಅದು ತಿರಗಿ ತಮ್ಮ ಮ್ಯಾಲೇ ಬಂತಂದ್ರ ಆ ಮನಿಷ್ಯಾ ಉಳಿಯೂದಿಲ್ಲ. ನನಗೊತ್ತೈತಿ” ಎಂದರು.

ನಾನು ಆಗ ಇನ್ನೂ ಮದುವೆಯಾಗಿರದ ಹುಡುಗಿ. ಇಬ್ಬರ ನಡುವೆ ಇಂಥ ಲೆಕ್ಕವೂ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮುಂದೆ ನನ್ನ ಮದುವೆಯಾಗಿ ಸದಾಶಿವನಗರಕ್ಕೆ ಹೋದೆ. ನೌಕರಿ ಬಿಡಲಿಲ್ಲ. ಅನಗೋಳಕ್ಕೆ ಬಂದಾಗಲೆಲ್ಲ ಎದುರು ಮನೆಗೆ ಹೋಗುತ್ತಿದ್ದೆ. ಕಾಕಾ ಅವರ ನೋಟ ಹನಿ ಔಷಧಕ್ಕೂ ನಿಲ್ಲಲಿಲ್ಲ. ನಡುವಿನದೂ ಮುಚ್ಚುತ್ತ ಬಂತು. ಒಂದು ಬೆಳಿಗ್ಗೆ ಹೊರಗೆ ಹೋಗಲು ಎದ್ದವರು ಪಡಸಾಲೆಯ ನಡುವೆ ನಿಂತುಬಿಟ್ಟರಂತೆ. ಎಷ್ಟು ಹೊತ್ತಾದರೂ ಕದಲಲಿಲ್ಲ. ಆಮೇಲೆ, “ಹೊಸ್ತಲಾ ಎಲ್ಲೈತಿ?” ಎಂದು ಕೇಳಿದರು. ಗೋಡೆಗಲ್ಲ, ಹೆಂಡತಿಗೆ. ವರ್ಷಗಳ ಮೇಲೆ ಆಡಿದ ಮೊದಲ ಮಾತು.

“ಇಲ್ಲೇ ಐತ್ರಿ. ಕಾಲ ಎತ್ತಿ ಇಡ್ರಿ” ಎಂದು ಕಾಕು ಹೋಗಿ ಅವರ ಕೈ ಹಿಡಿದರು. ಇದನ್ನು ನನಗೆ ಹೇಳಿದವರು ಕಾಕು. ಹೇಳುವಾಗ ಅವರಿಗೆ ನಗು ಬರುತ್ತಿತ್ತು. ಕಣ್ಣಲ್ಲಿ ನೀರೂ ಇತ್ತು.

ನಾನು ಕಾಕಾ ಅವರನ್ನು ಕೊನೆಯ ಸಲ ಕಂಡಾಗ ಅವರು ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ನನ್ನ ದನಿ ಕೇಳಿ, “ಬರ್ರಿ ಬಾಯಾರ, ಕುಂದರ್ರಿ” ಎಂದು ಪಕ್ಕದಲ್ಲಿ ಜಾಗ ತೋರಿಸಿದರು. ಖಾನಾಪುರದ ಗಾಡಿ ಈಗ ಯಾರು ಹೊಡೆಯುತ್ತಾರೆ, ನದಿಯ ಹತ್ತಿರ ರಸ್ತೆ ಹೇಗಿದೆ ಎಂದೆಲ್ಲ ಕೇಳಿದರು. ಹೊಸ ಹುಡುಗನೊಬ್ಬ, ಜೋರಾಗಿ ಹೊಡೆಯುತ್ತಾನೆ ಎಂದೆ. ಅವರು ನನ್ನ ಕಡೆಗೆ ಬಾಗಿದರು.

“ಅವಂಗೊಂದು ಮಾತು ಹೇಳು. ಬಾಜೂಕ ನಿಂತವರನ್ನ ನೋಡಿ ಹೊಡೀಬೇಕಂತ. ಎದುರಿಂದು ತಾನಽ ಕಾಣಸ್ತೈತಿ. ಬಾಜೂಕ ನಿಂತವರನ್ನ...” ಎಂದು ನಿಲ್ಲಿಸಿದರು. ನಾನು ಕಾದೆ. ಅವರ ಮುಖದಲ್ಲಿ ಏನೋ ಹತ್ತಿರ ಬಂದು, ಹಾದು ಹೋಯಿತು. “ಮಂದಿ ಎಲ್ಲೆಂದ್ರಲ್ಲಿ ನಿಂತಿರ್ತಾರ ನೋಡ” ಎಂದು ಮಾತು ಮುಗಿಸಿದರು.

ಆ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಎದೆನೋವು ಅಂದರಂತೆ, ಕಾಕು ನೀರು ತರುವಷ್ಟರಲ್ಲಿ ಮುಗಿದಿತ್ತು. ಮಣ್ಣು ಮಾಡಿ ಬಂದ ಮೂರನೆಯ ದಿನ ನಾನು ಕಾಕೂನ ಹತ್ತಿರ ಕುಳಿತಿದ್ದೆ. ರಸ್ತೆಯ ಊರುಗಳಿಂದ ಮಂದಿ ಇನ್ನೂ ಬರುತ್ತಿದ್ದರು. ಅಷ್ಟು ಜನರಿಗೆ ಅವರು ಬೇಕಾಗಿದ್ದರೆಂದು ನನಗೇ ಗೊತ್ತಿರಲಿಲ್ಲ. ಸಣ್ಣವರಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು ಆ ಬಸ್ಸು ಹತ್ತಿದವರು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಭಾವು ಖಾನಾಪುರದಿಂದ ಬಂದು ಮೂಲೆಯಲ್ಲಿ ಮೊಣಕಾಲು ಹಿಡಿದು ಕುಳಿತಿದ್ದರು.

ಪಟಕಾ ಸುತ್ತಿದ ಒಬ್ಬ ಮುದುಕರು ಬಂದರು. ವಾರದ ಸಂತೆಗೆ ಕಾಕಾ ಅವರ ಗಾಡಿಯಲ್ಲೇ ಹೋಗಿ ಬರುತ್ತಿದ್ದವರಂತೆ. ನಡುವೆ ಊರು ಬಿಟ್ಟು ಗೋವೆಯ ಕಡೆ ಮಗನ ಹತ್ತಿರ ಇದ್ದರಂತೆ, ಮುಂದಿನದೇನೂ ಗೊತ್ತಿರಲಿಲ್ಲ.

“ಅಲ್ಲವಾ, ಅಂಥಾ ಡ್ರೈವರ್. ನಡುವಽ ಗಾಡಿ ಯಾಕ ಬಿಟ್ಟ್ರು?” ಎಂದು ಕೇಳಿದರು.

 ಗೊತ್ತಿದ್ದವರೆಲ್ಲ ನೆಲ ನೋಡಿದರು. ಕಾಕು ಬಾಗಿದ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ಅವರಽ ಬಿಟ್ಟ್ರುರಿ ಅಣ್ಣಾರ” ಎಂದರು. “ಕಣ್ಣು ಸರಿ ಇಲ್ಲಂತ ಅವರಿಗೆ ಮೊದಲ ತಿಳೀತು. ಯಾರೂ ಹೇಳಲಿಲ್ಲ, ಕೇಳಲಿಲ್ಲ. ಮಂದಿ ಜೀವ ಐತಿ, ನಾ ಇನ್ನ ಗಾಡಿ ಹೊಡಿ‌ಯಾಂಗಿಲ್ಲ ಅಂತ ತಾವಾಗೇ ಸಾಹೇಬರ ಕಡೆ ಹೋಗಿ ಹೇಳಿ ಬಂದ್ರು. ನಾನಽ ಬ್ಯಾಡ ಅಂದಿದ್ನಿರಿ. ಕೇಳಲಿಲ್ಲ.”

ಮುದುಕರು ಭಾವು ಕಡೆ ನೋಡಿದರು. ಹತ್ತಾರು ವರ್ಷ ಆ ಗಾಡಿಯಲ್ಲಿ ಇದ್ದ ಮನುಷ್ಯ ಅಲ್ಲವೇ. ಭಾವು ಮೂಗು ಒರೆಸಿಕೊಂಡರು.

“ಖರಂ ಆಹೇ” ಎಂದರು. ಆಮೇಲೆ ಎಲ್ಲರಿಗೂ ತಿಳಿಯಲೆಂದು ತಮ್ಮ ಹರಕು ಕನ್ನಡದಲ್ಲಿ ಹೇಳಿದರು: “ಖರೇ ಐತಿ. ನಾ ಸಂಗಟಾ ಹೋಗಿದ್ದೆ. ಮೀ ಹೋತೋ, ನಾ ಇದ್ದೆ.”

ಮುದುಕರು ಪಟಕಾ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. “ಭಾಳ ದೊಡ್ಡ ಮನಿಷ್ಯಾ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ನನ್ನ ಕಡೆ ತಿರುಗಿದರು.

“ಹೌದ್ರೀ” ಎಂದೆ ನಾನು.